ಒಂದೇ ಗೀಟು

ಕಾಕಾನ ಬಲಗೈ ನಡುಬೆರಳಿನ ಉಗುರು ಹಳದಿಗಟ್ಟಿ, ಎಮ್ಮೆಕೊಂಬಿನ ಚೂರಿನಷ್ಟು ದಪ್ಪವಾಗಿತ್ತು. ಯಾವುದೇ ಅಂಕಿಯನ್ನು ಓದುವ ಮೊದಲು ಆ ಉಗುರಿನಿಂದ ಗಾಜಿನ ಮೇಲೆ ಎರಡು ಸಲ ಕುಟ್ಟುತ್ತಿದ್ದರು. ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ಪಾಳಿಯ ಮೇಲೆ ದುಡಿದವರು. ಹಳೆಯ ಮಾಪಕಗಳ ಮುಳ್ಳು ಒಮ್ಮೊಮ್ಮೆ ಅಂಟಿಕೊಂಡಿರುತ್ತದೆ, ಕುಟ್ಟಿದರೆ ನಿಜವಾದ ಜಾಗಕ್ಕೆ ಜಾರುತ್ತದೆ ಎನ್ನುತ್ತಿದ್ದರು. ನಿವೃತ್ತರಾಗಿ ಮನೀಶ್ ನಗರದಲ್ಲಿ ನಮ್ಮ ಮೇಲಿನ ಮನೆಗೆ ಬಂದ ಮೇಲೆ ಕುಟ್ಟಲು ಮಾಪಕಗಳಿರಲಿಲ್ಲ. ಅವರು ಕಂಪ್ಯೂಟರಿನ ಪರದೆಗೆ ಕುಟ್ಟುತ್ತಿದ್ದರು.

ಸಿಟ್ಟು ಇಳಿದ ಮೇಲೆ ಇದನ್ನು ಬರೆಯೋಣವೆಂದು ಎಂಟು ತಿಂಗಳು ಕಾದೆ. ಇಳಿಯಲಿಲ್ಲ. ಹಾಗಾಗಿ ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲಿ ಬರೆಯುತ್ತೇನೆ.

ಪರದೆಯ ಮೇಲೆ ಇರುತ್ತಿದ್ದದ್ದು ಒಂದು ಆಟ. ಖಡ್ಗ ಹಿಡಿದ ಒಬ್ಬ ಯೋಧ, ಗುಹೆಗಳು, ರಾಕ್ಷಸರು. ಪ್ರತಿ ಪೆಟ್ಟಿಗೂ ರಾಕ್ಷಸನ ತಲೆಯ ಮೇಲೆ ಒಂದು ಅಂಕಿ ಹಾರುತ್ತದೆ. ನಾನೂ ಅದೇ ಆಟವನ್ನು ಆಡುತ್ತಿದ್ದೆ, ಕೆಟ್ಟದಾಗಿ. ಮೆಟ್ಟಿಲಲ್ಲಿ ಸಿಕ್ಕಾಗ ಅದು ಹೇಗೋ ಮಾತಿಗೆ ಬಂತು. ಅವರು ನನ್ನನ್ನು ಮೇಲಕ್ಕೆ ಕರೆದರು. ಅವರ ಹೆಂಡತಿ ಕಾಕು ಚಹಾ ಕೊಡುತ್ತ, "ಮೂವತ್ನಾಕು ವರ್ಷ ಬಾಯ್ಲರ್ ಜೋಡಿ ಸಂಸಾರ ಮಾಡಿದ್ರು, ಈಗ ರಾಕ್ಷಸರ ಜೋಡಿ. ನನ್ನ ಪಾಳಿ ಯಾವಾಗ ಬರ್ತೈತೋ ನೋಡಬೇಕವ್ವಾ" ಅಂದರು.

"ನಿಂದು ರಾತ್ರಿ ಪಾಳಿ, ಸುಮ್ಮನಿರು," ಅಂದರು ಕಾಕಾ, ಪರದೆಯಿಂದ ಕಣ್ಣು ತೆಗೆಯದೆ. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಆ ದಿನ ಅವರು ನನಗೆ ಹೇಳಿದ ಲೆಕ್ಕ ಇದು. "ಖಡ್ಗದ ಪೆಟ್ಟು ನೂರು ಅಂತ ಇಟ್ಕೋ ತಂಗಿ. ಈ ಉಂಗುರ ಅದರಾಗ ಅರ್ಧಾನ ಬೆಂಕಿ ಮಾಡ್ತೈತಿ. ಈಗೆಷ್ಟಾತು?"

"ಐವತ್ತು ಖಡ್ಗ, ಐವತ್ತು ಬೆಂಕಿ."

"ಬರೋಬರ್. ಒಟ್ಟು ಹೆಚ್ಚಾತೇನು, ಕಡಿಮಿ ಆತೇನು? ಇಲ್ಲ. ಮೊದಲು ಬದಲಾಗೂದು, ಆಮ್ಯಾಲೆ ಬೆಳಿಯೂದು. ಎರಡೂ ಕೂಡಿಸಿ ಕಲಸಿದ್ರ ನಿನಗ ಏನೂ ತಿಳಿಯೂದಿಲ್ಲ."

ಬೆಳೆಯುವುದು ಹೀಗೆ. ಯೋಧನ ಕವಚ ಖಡ್ಗದ ಪೆಟ್ಟನ್ನು ನೂರಕ್ಕೆ ನಲವತ್ತು ಹೆಚ್ಚಿಸುತ್ತದೆ, ಕೈಗವಸು ಬೆಂಕಿಯನ್ನು ನೂರಕ್ಕೆ ಅರವತ್ತು. ಖಡ್ಗವಾಗಿಯೇ ಉಳಿದ ಐವತ್ತಕ್ಕೆ ಕವಚದ ಪಾಲು ಮಾತ್ರ ಸಿಕ್ಕಿ ಎಪ್ಪತ್ತಾಗುತ್ತದೆ. ಬೆಂಕಿಯಾದ ಐವತ್ತಕ್ಕೆ ಎರಡೂ ಪಾಲು ಸಿಗುತ್ತವೆ. ನಲವತ್ತಕ್ಕೆ ಅರವತ್ತು ಕೂಡಿ ನೂರು, ಅಂದರೆ ಐವತ್ತು ಇದ್ದದ್ದು ನೂರು. ಒಟ್ಟು ನೂರಾ ಎಪ್ಪತ್ತು.

"ಬೆಂಕಿ ಆದ್ರೂ ಅದು ಮೊದಲು ಖಡ್ಗ ಇತ್ತಲ್ಲ. ಆ ಮನಿ ಪಾಲೂ ಅದಕ್ಕ ಬರ್ತೈತಿ," ಅಂದರು. "ನಮ್ಮಲ್ಲಿ ಕಲ್ಲಿದ್ದಲು ಉಗಿ ಆಗೂದ್ರಾಗ ಒಂದಿಷ್ಟು ಚಿಮಣಿ ಪಾಲು. ಇಲ್ಲಿ ಒಂದು ಕಣಾನೂ ದಂಡ ಆಗೂದಿಲ್ಲ. ಅದಕ್ಕ ಈ ಆಟ ನನಗ ಸೇರ್ತೈತಿ."

ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಇರುತ್ತಿತ್ತು. ಅದರಲ್ಲಿ ಪಾಳಿಯ ದಿನಚರಿ ಬರೆದಂತೆಯೇ ಆಟದ ಪೆಟ್ಟುಗಳನ್ನು ಬರೆಯುತ್ತಿದ್ದರು. ಒಂದು ಸಲ ಹೊಡೆದು ನೋಡಿ ನಂಬುತ್ತಿರಲಿಲ್ಲ. ಆಟದೊಳಗೆ ಅಭ್ಯಾಸಕ್ಕೆಂದು ಇರುವ ಒಂದೇ ಕಂಬಕ್ಕೆ ನೂರು ಸಲ ಹೊಡೆಯುತ್ತಿದ್ದರು. ಅಂಕಿಗಳೆಲ್ಲ ಇಂಗ್ಲಿಷಿನಲ್ಲಿ, ಕಾರಣಗಳೆಲ್ಲ ಕನ್ನಡದಲ್ಲಿ. ತಪ್ಪಾದರೆ ಅಳಿಸುವಂತಿಲ್ಲ, ಬಿಳಿ ಬಳಿಯುವಂತಿಲ್ಲ, ಗೀಚುವಂತಿಲ್ಲ. ತಪ್ಪಿನ ನಡುವೆ ಒಂದೇ ಗೀಟು ಎಳೆಯಬೇಕು, ಕೆಳಗಿನ ಅಂಕಿ ಓದುವಂತೆಯೇ ಉಳಿಯಬೇಕು. ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ. "ತಪ್ಪೂ ಓದಾಕ ಬರಬೇಕು. ಮುಂದಿನ ಪಾಳಿಯವಗ ಅದೂ ಬೇಕಾಗ್ತೈತಿ," ಎನ್ನುತ್ತಿದ್ದರು.

ಕಳೆದ ವರ್ಷ ಆಟ ತಯಾರಿಸುವ ಕಂಪನಿಯವರು ಒಂದು ಬದಲಾವಣೆ ತಂದರು. ನೋಡಿದರೆ ಏನೂ ಬದಲಾದಂತೆ ಕಾಣಲಿಲ್ಲ. ಕಾಕಾ ಕಂಬಕ್ಕೆ ಹೊಡೆದು, ಪರದೆಗೆ ಕುಟ್ಟಿ, ಮೂರು ದಿನ ಬರೆದರು. ಬೆಂಕಿಯಾದ ಅರ್ಧಕ್ಕೆ ಈಗ ಹಳೆಯ ಮನೆಯ ಪಾಲು ಸಿಗುತ್ತಿರಲಿಲ್ಲ. ಕೈಗವಸಿನ ಅರವತ್ತು ಮಾತ್ರ. ಎಪ್ಪತ್ತಕ್ಕೆ ಎಂಬತ್ತು ಸೇರಿ ನೂರಾ ಐವತ್ತು. ಊರಿನ ಆಟಗಾರರ ಗುಂಪಿನಲ್ಲಿ ಎಲ್ಲರೂ ನಂಬುತ್ತಿದ್ದ ಒಬ್ಬ ವಿಡಿಯೋದವನಿದ್ದ. ಅವನು ಇನ್ನೂ ಹಳೆಯ ಲೆಕ್ಕವನ್ನೇ ಕಲಿಸುತ್ತಿದ್ದ.

"ಇದನ್ನ ಅವಗ ಕಳಸು ತಂಗಿ," ಅಂದರು ಕಾಕಾ. "ಜಗಳ ಬ್ಯಾಡ. ರೀಡಿಂಗ್ ಕೊಡೂಣು, ಅಂವಾ ನೋಡ್ಲಿ."

ನಕಲು ಮಾಡಿದವಳು ನಾನು. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ನನ್ನದು. ದಿನಕ್ಕೆ ನೂರಾರು ಅಂಕಿಗಳನ್ನು ನಕಲು ಮಾಡುತ್ತೇನೆ. ಅಪ್ಪ ವಾಯುಪಡೆಯಲ್ಲಿದ್ದರು, ನಾನು ಬೆಳೆದದ್ದು ಮರಾಠಿ ಮಾತಿನ ಈ ಊರಿನಲ್ಲೇ. ಕನ್ನಡ ಕಿವಿಗೆ ಬಿದ್ದಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ರಿಜಿಸ್ಟರಿನ ಆ ಪುಟದ ಫೋಟೋ ತೆಗೆದುಕೊಂಡು ಕೆಳಗೆ ಬಂದು ಟೈಪು ಮಾಡಿದೆ. ಕೊನೆಯ ಸಾಲಿನಲ್ಲಿ ಎರಡು ಅಂಕಿಗಳಿದ್ದವು, 160 ಮತ್ತು ಅದರ ಪಕ್ಕ ಸಣ್ಣದಾಗಿ 150. ಜೊತೆಗೆ ಎರಡು ಸಾಲು ಕನ್ನಡ. 160ರ ಮೇಲಿನ ಗೀಟು ಪುಟದ ರೂಲಿನಂತೆ ಕಂಡಿತು. ಕನ್ನಡದ ಸಾಲು ಓದಲು ಬರಲಿಲ್ಲ. ಹದಿನೆಂಟು ಮೆಟ್ಟಿಲು ಹತ್ತಿ ಕೇಳಲಿಲ್ಲ. ದೊಡ್ಡದಾಗಿದ್ದ ಅಂಕಿಯನ್ನು ಬರೆದು ಕಳಿಸಿದೆ.

ಆ ಎರಡು ಸಾಲುಗಳಲ್ಲಿ ಇದ್ದದ್ದು ಇಷ್ಟು: "ತಾಯಿತ ತೆಗೆಯಲು ಮರೆತಿದ್ದೆ. ಈ ರೀಡಿಂಗ್ ಬಿಡಬೇಕು." ಯೋಧನ ಕೊರಳಲ್ಲಿದ್ದ ತಾಯಿತ ಪೆಟ್ಟಿಗೆ ಹತ್ತು ಸೇರಿಸಿತ್ತು.

ಮೊದಲು ವಿಡಿಯೋದವನು ಗುಂಪಿನಲ್ಲಿ ನಕ್ಕ. ವಾರ ಕಳೆದ ಮೇಲೆ ಕಾಕಾನ ಇಡೀ ಪಟ್ಟಿಯನ್ನು ತನ್ನ ಶೋಧವೆಂದು ವಿಡಿಯೋ ಮಾಡಿದ. ಅದೇ ಕ್ರಮ, ಅದೇ ಕಂಬ, ಅದೇ ನೂರು ಪೆಟ್ಟು, ಅದೇ 160. ಹೆಸರಿಲ್ಲ. ನಾನು ಕುದಿಯುತ್ತ ಮೇಲೆ ಹೋದರೆ ಕಾಕಾ, "ಹೋಗ್ಲಿ ಬಿಡು, ಮಂದಿಗೆ ಖರೆ ತಿಳೀತಲ್ಲ" ಅಂದರು. ಆಮೇಲೆ ವಿಡಿಯೋ ನೋಡಿದರು. 160 ಬಂದಾಗ ನಿಲ್ಲಿಸಿ ಪರದೆಗೆ ಎರಡು ಸಲ ಕುಟ್ಟಿದರು. ಅಂಕಿ ಜಾರಲಿಲ್ಲ.

"ಇದನ್ನ ಯಾರು ಬರದ್ರು?"

"ಅವನೇ ತಪ್ಪು ಓದಿರಬೇಕು ಕಾಕಾ," ಅಂದೆ. ಅಷ್ಟರಲ್ಲಿ ನನಗೆ ಗೊತ್ತಾಗಿತ್ತು, 160ರ ಮೇಲಿದ್ದದ್ದು ರೂಲಲ್ಲ, ಗೀಟು. ಸುಳ್ಳು ಹೇಳಿದೆ.

ನಾಲ್ಕು ದಿನದಲ್ಲಿ ಇತರರು ಹೊಡೆದು ನೋಡಿದರು, ನೂರಾ ಐವತ್ತೇ ಬಂತು. ಆಗ ವಿಡಿಯೋದವನು ಶೋಧ ತನ್ನದಲ್ಲ ಅಂದ. ಮನೀಶ್ ನಗರದ ಯಾರೋ ಬಾಯ್ಲರ್ ಕಾಕಾ ಕಳಿಸಿದ ಲೆಕ್ಕವಂತೆ, ತಾನು ವಯಸ್ಸಿಗೆ ಮರ್ಯಾದೆ ಕೊಟ್ಟು ನಂಬಿದನಂತೆ.

ಆ ಭಾನುವಾರ ಮಧ್ಯಾಹ್ನ ಗುಂಪಿನವರು ವರ್ಧಾ ರಸ್ತೆಯ ಕಡೆಯ ಒಂದು ಬಾಡಿಗೆ ಸಭಾಂಗಣದಲ್ಲಿ ಸೇರುವವರಿದ್ದರು. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಿಜಿಸ್ಟರನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೊರಟರು. ಅವರಿಗೆ ಬೇಕಿದ್ದದ್ದು ಒಂದೇ: ಆ ಅಂಕಿಯ ಮೇಲೆ ಎಲ್ಲರೆದುರು ಒಂದು ಗೀಟು. ಮೂವತ್ತನಾಲ್ಕು ವರ್ಷ ಅವರು ಸಹಿ ಹಾಕಿದ ಪುಟದಲ್ಲಿ ತಪ್ಪು ಅಂಕಿ ತಿದ್ದದೆ ಉಳಿದಿರಲಿಲ್ಲ.

ಅವರು ಎದ್ದು ನಿಂತು ಹಿಂದಿಯಲ್ಲಿ ನಿಧಾನವಾಗಿ ಶುರು ಮಾಡಿದರು. ವೇದಿಕೆಯ ಮೇಲಿದ್ದ ವಿಡಿಯೋದವನು ಮೈಕು ಹಿಡಿದು ಅಂದ: "ಕಾಕಾ, ಹಾ ಬಾಯ್ಲರ್ ನಾಹೀ, ಗೇಮ್ ಆಹೇ." ಇದು ಬಾಯ್ಲರ್ ಅಲ್ಲ, ಆಟ ಎಂಬ ಆ ಮರಾಠಿ ಮಾತಿಗೆ ಮೂರು ಸಾಲು ನಕ್ಕವು. ಕಾಕಾ ಪುಟ ಎತ್ತಿ ತೋರಿಸಿ, "ಇಲ್ಲಿ ಗೀಟಿದೆ, ನೋಡಿ" ಎಂದರು. "ಘರ್ ಜಾಕೆ ಆರಾಮ್ ಕರೋ ಕಾಕಾಜೀ," ಮನೆಗೆ ಹೋಗಿ ಆರಾಮಾಗಿರಿ ಎಂದು ಹಿಂದಿನಿಂದ ಯಾರೋ ಕೂಗಿದರು. ಪುಟವನ್ನು ನೋಡಲು ಒಬ್ಬನೂ ಮುಂದೆ ಬಾಗಲಿಲ್ಲ. ಒಂದು ಕಣ್ಣು ಹಾಯಿಸಿದ್ದರೆ ಸಾಕಿತ್ತು. ನೂರು ಸಲ ಕಂಬಕ್ಕೆ ಹೊಡೆದವನ ಮುಂದೆ ಒಂದು ಸಲವೂ ಹೊಡೆಯದವರು ನಕ್ಕರು.

ನಾನು ಎರಡನೆಯ ಸಾಲಿನಲ್ಲಿದ್ದೆ. "ನಕಲು ಮಾಡಿದವಳು ನಾನು" ಎನ್ನಲು ಎರಡು ಉಸಿರು ಸಾಕು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತಿದ್ದೆ. ಅವರು ರಿಜಿಸ್ಟರ್ ಮುಚ್ಚುವಾಗ ಪುಟದ ನಡುವೆ ಇಡುವ ದಾರವನ್ನು ಎರಡು ಸಲ ನೇರ ಮಾಡಿದ್ದನ್ನು ನೋಡಿದೆ.

ಆಟೋ ಮನೆ ಹತ್ತಿರ ಬಂದಾಗ ಕಾಕಾ, "ತಂಗಿ, ನಿನಗ ಕನ್ನಡ ಓದಾಕ ಬರ್ತೈತೇನು?" ಅಂದರು.

"ಸ್ವಲ್ಪ ಸ್ವಲ್ಪ."

"ನಾಳಿಯಿಂದ ಬಾ. ಕಲಸ್ತೀನಿ."

ಐದು ತಿಂಗಳು ಕಲಿಸಿದರು. ಪುಸ್ತಕ ಬೇರೆ ಇರಲಿಲ್ಲ, ಹಳೆಯ ರಿಜಿಸ್ಟರುಗಳೇ. ನಾನು ಓದಿದ ಮೊದಲ ಕನ್ನಡ ವಾಕ್ಯ, "ಕೈಗವಸು ಬದಲಿಸಿ ಮತ್ತೆ ನೋಡಿದೆ." ಒತ್ತಕ್ಷರದಲ್ಲಿ ಎಡವಿದರೆ ಪುಟಕ್ಕೆ ಉಗುರಿನಿಂದ ಕುಟ್ಟುತ್ತಿದ್ದರು. ಆದರೆ ಆ ವರ್ಷದ ರಿಜಿಸ್ಟರನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಪ್ರತಿದಿನ ಹೇಳಿಬಿಡಬೇಕೆಂದು ಮೆಟ್ಟಿಲು ಹತ್ತುತ್ತಿದ್ದೆ, ಕಾಗುಣಿತ ಕಲಿತು ಇಳಿಯುತ್ತಿದ್ದೆ.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಾಗಿಲು ತೆಗೆಯಲಿಲ್ಲ. ಹೃದಯ ನಿಂತಿತ್ತು.

ಹದಿಮೂರನೆಯ ದಿನ ಕಳೆದ ಮೇಲೆ ಕಾಕು ಆ ರಿಜಿಸ್ಟರನ್ನು ತಂದು ನನ್ನ ಮುಂದಿಟ್ಟರು. "ನಿನಗ ಪೂರಾ ಓದಾಕ ಬಂದ ಮ್ಯಾಲೆ ಕೊಡು ಅಂದಿದ್ರು. ಬರ್ತೈತಿ ಹೌದಿಲ್ಲೋ?"

ದಾರ ಇದ್ದ ಪುಟ ತೆಗೆದೆ. ಸಭೆಯ ದಿನದ ತಾರೀಖಿನ ಕೆಳಗೆ ಅವರ ಅಕ್ಷರ: "ನಕಲಿನಲ್ಲಿ 160 ಎಂದು ಹೋಗಿದೆ. ಕಾರಣ, ನಕಲು ಮಾಡುವವರಿಗೆ ಓದಲು ಬಾರದ ಅಕ್ಷರದಲ್ಲಿ ತಿದ್ದುಪಡಿ ಬರೆದದ್ದು. ತಪ್ಪು ನನ್ನದು." ಕೆಳಗೆ ಸಹಿ.

ಅಲ್ಲೇ ಕುಳಿತು ಕಾಕುವಿಗೆ ಎಲ್ಲವನ್ನೂ ಹೇಳಿದೆ. ಅವರು ದಾರವನ್ನು ಪುಟದ ನಡುವೆ ಮತ್ತೆ ಇಟ್ಟರು. ಆಮೇಲೆ, "ಅವರಿಗೆ ಗೊತ್ತಿತ್ತಲ್ಲವ್ವಾ. ನೀ ಹೇಳ್ತೀ ಅಂತ ದಾರಿ ನೋಡ್ತಿದ್ರು" ಅಂದರು. ಬೈದಿದ್ದರೆ ಸುಲಭವಿತ್ತು.

ಆ ಪುಟದ ಫೋಟೋವನ್ನು, ನನ್ನ ತಪ್ಪೊಪ್ಪಿಗೆಯೊಂದಿಗೆ, ಹೆಸರು ಹಾಕಿ ಗುಂಪಿನಲ್ಲಿ ಹಾಕಿದೆ. ಇಬ್ಬರು ಮೆಚ್ಚುಗೆಯ ಹೆಬ್ಬೆರಳ ಚಿತ್ರ ಒತ್ತಿದರು. ಆಟದಲ್ಲಿ ಅಷ್ಟರೊಳಗೆ ಮತ್ತೊಂದು ಬದಲಾವಣೆ ಬಂದಿತ್ತು, ಹಳೆಯ ಲೆಕ್ಕ ಯಾರಿಗೂ ಬೇಡವಾಗಿತ್ತು. ವಿಡಿಯೋದವನು ಹೊಸ ಲೆಕ್ಕ ಕಲಿಸುತ್ತಿದ್ದಾನೆ. ಕಂಬಕ್ಕೆ ಹೊಡೆದವರು ಯಾರೋ ಗೊತ್ತಿಲ್ಲ.

ರಿಜಿಸ್ಟರ್ ಈಗ ನನ್ನ ಮೇಜಿನ ಮೇಲಿದೆ. "ನನ್ನದು" ಎಂಬ ಅವರ ಮಾತಿನ ನಡುವೆ, ಕೆಳಗಿನ ಅಕ್ಷರ ಓದುವಂತೆ, ಒಂದೇ ಗೀಟು ಎಳೆದಿದ್ದೇನೆ. ಪಕ್ಕದಲ್ಲಿ ಬರೆದಿದ್ದೇನೆ: "ನಕಲು ಮಾಡಿದವಳದು. ಕಾರಣ, ಓದಲು ಬಾರದ್ದಲ್ಲ. ಮೊದಲು ಕೇಳಲಿಲ್ಲ, ಆಮೇಲೆ ಹೇಳಲಿಲ್ಲ." ಕೆಳಗೆ ಸಹಿ ಮಾಡಿದ್ದೇನೆ, ಕನ್ನಡದಲ್ಲಿ.