ಬರಿಗಾಲಲ್ಲಿ ಕಾರು ನಡೆಸುತ್ತಿದ್ದ ಮಾಲತಿ ವೈನಿ

ಮಾಲತಿ ವೈನಿ ಬೂಟು ಕಳಚಿಟ್ಟೇ ಕಾರು ನಡೆಸುತ್ತಿದ್ದರು. ಇಲ್ಫರ್ಡಿನ ಜನವರಿ ಚಳಿಯಲ್ಲಿ ನಾವೆಲ್ಲ ಎರಡೆರಡು ಸಾಕ್ಸ್ ಹಾಕಿಕೊಂಡು ನಡುಗುತ್ತಿದ್ದರೆ, ಇವರು ಬೂಟನ್ನು ಸೀಟಿನ ಹಿಂದಕ್ಕೆ ತಳ್ಳಿ ಬರಿಗಾಲನ್ನು ಪೆಡಲ್ ಮೇಲಿಡುತ್ತಿದ್ದರು. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಕೈಮುಗಿದ ಗಾಡಿಯನ್ನು ಮರುದಿನ ಬೂಟುಗಾಲಲ್ಲಿ ತುಳಿಯುವುದು ಹೇಗೆ ಎಂಬುದು ಅವರ ವಾದ. "ಕಾಲು ಮರಗಟ್ಟುತ್ತೆ ವೈನಿ" ಅಂದರೆ, "ಗಾಡಿ ಏನ್ ಹೇಳ್ತದ ಅನ್ನೂದು ಕಾಲಿಗೆ ತಿಳೀತದವಾ. ಬೂಟಿಗೆ ಏನ್ ತಿಳೀತದ?" ಅನ್ನುತ್ತಿದ್ದರು.

ಧಾರವಾಡದ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ. ನಾನು ಮೈಸೂರಿನವಳು, ಅವರಿಗೂ ನನಗೂ ಯಾವ ನೆಂಟಸ್ತಿಕೆಯೂ ಇಲ್ಲ. ಗೋಡೆಗೆ ಗೋಡೆ ಅಂಟಿದ ಮನೆ, ಅಷ್ಟೆ. ವೈನಿ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನ ಡಾಕ್ಟರಾಗಿದ್ದು ನಿವೃತ್ತರಾದವರು. ಇಲ್ಲಿನ ಕನ್ನಡದವರ ಪೈಕಿ ಯಾರ ಅಮ್ಮ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಬಂದಿಳಿದರೂ ಅಲ್ಲಿ ವೈನಿಯ ಹಳೇ ನೀಲಿ ಕಾರು ಕಾದಿರುತ್ತಿತ್ತು. ಯಾವನಾದರೂ ಹಾರ್ನ್ ಬಾರಿಸಿ ಸರ್ರನೆ ಮುಂದೆ ನುಗ್ಗಿದರೆ ನಾನು ಬಾಯಿಗೆ ಬಂದಂತೆ ಬೈಯುವವಳು. ವೈನಿ ಮಾತ್ರ, "ಹೋಗ್ಲಿ ಬಿಡು, ಪಾಪ. ಮನ್ಯಾಗ ಹಾಲು ಉಕ್ಕಲಿಕ್ಕತ್ತಿರಬೇಕು" ಅಂದು ದಾರಿ ಬಿಡುತ್ತಿದ್ದರು.

ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಗ್ಯಾಂಟ್ಸ್ ಹಿಲ್ ರೌಂಡಬೌಟ್ ಎಂಬ ದೊಡ್ಡ ವೃತ್ತದ ಬಾಯಿಯಲ್ಲಿ ಕಾರು ನಿಲ್ಲಿಸಿಕೊಂಡು, ಒಳಗೆ ನುಗ್ಗಲು ಧೈರ್ಯವಿಲ್ಲದೆ, ಹಿಂದಿನ ಹಾರ್ನುಗಳಿಗೆ ನಾನು ಅಳತೊಡಗಿದ್ದೆ. ವೈನಿ ಬೈಯಲಿಲ್ಲ, ಸ್ಟಿಯರಿಂಗಿಗೆ ಕೈಯನ್ನೂ ಹಾಕಲಿಲ್ಲ. "ಅಳೂದಿದ್ರ ಅತ್ತು ಮುಗಿಸು. ಇವರೆಲ್ಲಾ ನಿನ್ನಂಗ ಮನಿಗೆ ಹೋಗವರು, ನಿನ್ನ ಕೊಲ್ಲಾಕ ಬಂದವರಲ್ಲ" ಅಂದು ಬ್ಯಾಗಿನಿಂದ ಚಕ್ಕುಲಿ ತೆಗೆದು ಕೈಗಿಟ್ಟರು. ಚಕ್ಕುಲಿ ಕಡಿಯುತ್ತಲೇ ನಾನು ಆ ರೌಂಡಬೌಟ್ ದಾಟಿದೆ.

ಅವರ ಯಜಮಾನರನ್ನು ನಾವು ರಾಯರು ಅನ್ನುತ್ತಿದ್ದೆವು. ರಾಯರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು ವರದಿ ಒಪ್ಪಿಸುವುದಷ್ಟೇ ಅವರ ಕೆಲಸ. "ಕೆಂಪು, ಮಾಲತಿ." "ಕಾಣಸ್ತದ ರೀ." "ಎಡಕ್ಕ ಸೈಕಲ್, ಮಾಲತಿ." "ಕಾಣಸ್ತದ ರೀ." ಹಿಂದಿನ ಸೀಟಿನಲ್ಲಿ ಕೂತು ನಾವು ನಗುತ್ತಿದ್ದೆವು, ವರ್ಷಗಟ್ಟಲೆ ನಕ್ಕಿದ್ದೇವೆ.

ಆಮೇಲೆ ರಾಯರಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ ವೈನಿಯೇ ಕರೆದುಕೊಂಡು ಹೋಗಿ ಬರುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ವಾಪಸ್ಸು ಬರುವಾಗ ಸ್ಟೇಷನ್ನಿನ ಹತ್ತಿರ ನನ್ನನ್ನು ಹತ್ತಿಸಿಕೊಂಡರು. ರಾಯರು ಸುಸ್ತಾಗಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಮುಂದೆ ಸಿಗ್ನಲ್ ಕೆಂಪಾಯಿತು. ಮಗುವನ್ನು ಕೂರಿಸಿದ ಪುಟ್ಟ ತಳ್ಳುಗಾಡಿ ತಳ್ಳಿಕೊಂಡು ಒಬ್ಬಳು ರಸ್ತೆಗಿಳಿದಳು. ನಮ್ಮ ಕಾರು ಹೋಗುತ್ತಲೇ ಇತ್ತು. ನಾನು ಕಿರುಚಿದ ಮೇಲೆ ಬ್ರೇಕು ಬಿತ್ತು. ರಾಯರು ಎದ್ದವರೇ, ಎಚ್ಚರವಿನ್ನೂ ಪೂರ್ತಿ ಬಂದಿರದ ದನಿಯಲ್ಲಿ, "ಕೆಂಪು, ಮಾಲತಿ" ಅಂದರು. ಇಷ್ಟು ದಿನ ನಾವು ಯಾವುದಕ್ಕೆ ನಗುತ್ತಿದ್ದೆವು ಎಂದು ನನಗೆ ಆಗ ಗೊತ್ತಾಯಿತು.

ಮರುದಿನ ಅವರ ಮನೆಗೆ ಹೋದೆ. ಯಾಕೆ ಬಂದೆ ಅಂತ ವೈನಿ ಕೇಳಲೂ ಇಲ್ಲ. ನನ್ನನ್ನು ಬಾಗಿಲಿಗೆ ಕರೆದುಕೊಂಡು ಬಂದರು. ಗಾಡಿ ನಡೆಸುವವರಿಗೆ ಇಪ್ಪತ್ತು ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಲು ಬರಬೇಕು ಅಂತ ಈ ದೇಶದಲ್ಲಿ ಕಾನೂನಿದೆ. ವೈನಿ ಎದುರು ಸಾಲಿನ ಬಿಳಿ ಕಾರಿನ ನಂಬರನ್ನು ಪಟಪಟನೆ ಹೇಳಿದರು, ಸರಿಯಾಗಿತ್ತು. ಅದರ ಪಕ್ಕದ ವ್ಯಾನಿನದೂ ಸರಿ. ಅಬ್ಬಾ, ನನ್ನದೇ ಹುಚ್ಚು ಅನುಮಾನ ಅಂದುಕೊಳ್ಳುವಷ್ಟರಲ್ಲಿ ಮೂರನೆಯ ಕೆಂಪು ಕಾರಿನ ನಂಬರ್ ಹೇಳಿದರು. ಅದು ಅಲ್ಲಿದ್ದ ಕಾರಿನದಲ್ಲ. ಆ ಮನೆಯವರು ಹಳೇ ಕೆಂಪು ಕಾರು ಮಾರಿ, ಬೇರೆ ಕೆಂಪು ಕಾರು ತಂದು ವಾರವಾಗಿತ್ತು. ವೈನಿ ಇಡೀ ಬೀದಿಯನ್ನು ಬಾಯಿಪಾಠ ಮಾಡಿಕೊಂಡಿದ್ದರು.

"ಸರಿ ಅದನಿಲ್ಲೋ?" ಎಂದು ಕೇಳಿದರು. ರಾಯರು ನಡುಮನೆಯ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು.

"ವೈನಿ, ಆ ಕಾರು ಮಾರಿಬಿಟ್ಟರು" ಅಂದೆ.

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. "ಎಷ್ಟೋ ಮಂದಿ ಮುದುಕರಿಗೆ ನಾನಽ ಹೇಳೀನಿ ಉಷಾ, ಇನ್ನ ಗಾಡಿ ಮುಟ್ಟಬ್ಯಾಡ್ರಿ ಅಂತ. ಹೇಳೂದು ಭಾಳ ಸಲೀಸಿತ್ತು. ಈಗ ಇವರನ್ನ ಯಾರು ಕರಕೊಂಡು ಹೋಗವರು?" ಅಂದರು.

"ನಾನಿದ್ದೀನಲ್ಲ."

"ಒಂದ್ ವಾರ ಬರ್ತಿ, ಎರಡ್ ವಾರ ಬರ್ತಿ. ಆಮ್ಯಾಲ ನಿನಗೂ ನೌಕರಿ ಅದನಲ್ಲವಾ."

ಅವರು ಹೇಳಿದ್ದು ನಿಜವೇ ಆಗಿತ್ತು. ತಳ್ಳುಗಾಡಿಯ ಆ ಮಗುವೂ ನಿಜ, ಕುರ್ಚಿಯಲ್ಲಿದ್ದ ರಾಯರೂ ನಿಜ, ನಾನು ಯಾರ ಪರ ಮಾತಾಡಲಿ? ವೈನಿ ತಾವಾಗಿಯೇ ಒಳಗೆ ಹೋಗಿ ಕೀಲಿಗೊಂಚಲು ತಂದು ನನ್ನ ಕೈಗಿಟ್ಟರು.

ಆಮೇಲೆ ಆಸ್ಪತ್ರೆಯ ವ್ಯಾನೇ ಬರತೊಡಗಿತು. ಅದರಲ್ಲಿ ರೋಗಿಗೆ ಮಾತ್ರ ಜಾಗ, ಹೆಂಡತಿಗಿಲ್ಲ. ರಾಯರನ್ನು ಹತ್ತಿಸಿ ವೈನಿ ಗೇಟಿನಲ್ಲಿ ನಿಲ್ಲುತ್ತಿದ್ದರು. ವ್ಯಾನು ತಿರುವು ದಾಟಿ ಎಷ್ಟೋ ಹೊತ್ತಾದರೂ ಕೈ ಬೀಸುತ್ತಲೇ ಇರುತ್ತಿದ್ದರು. ಅದು ಹೋಗಿದ್ದು ಅವರಿಗೆ ಕಾಣುತ್ತಿರಲಿಲ್ಲ. ನಾನು ನನ್ನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಲಿ? ಒಂದು ವರ್ಷದೊಳಗೆ ರಾಯರು ತೀರಿಕೊಂಡರು.

ವೈನಿಯ ಮಗಳ ಮನೆ ದೂರದ ಲೀಡ್ಸಿನಲ್ಲಿದೆ. ವೈನಿ ಅಲ್ಲಿಗೆ ಹೊರಟ ದಿನ ರೈಲಿಗೆ ಬಿಡಲು ನನ್ನ ಕಾರಿನಲ್ಲಿ ಕರೆದೊಯ್ದೆ. ರಾಯರು ಕೂರುತ್ತಿದ್ದ ಎಡಗಡೆಯ ಸೀಟಿನಲ್ಲಿ ಕೂತು, ಬಾಗಿ, ಬೂಟು ಬಿಚ್ಚಿದರು. ಊರು ದಾಟಿದ ಮೇಲೆ ಒಂದು ಕಡೆ ಕಾರು ನಿಂತಿತು.

"ಯಾಕ ನಿಂದ್ರಿಸಿದಿ?"

"ಕೆಂಪು, ವೈನಿ."

ಅವರು ಮುಂದಿನ ಗಾಜಿನತ್ತ ಮುಖ ಮಾಡಿ ಕೂತೇ ಇದ್ದರು.

"ಕಾಣಸ್ತದ" ಅಂದರು. ಕೆಳಗೆ ಅವರ ಬರಿಗಾಲು ಖಾಲಿ ಮ್ಯಾಟನ್ನು ಬಲವಾಗಿ ಒತ್ತಿ ಹಿಡಿದಿತ್ತು.