ಟೀಚರಮ್ಮನ ಕನ್ನಡಕ

ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು ಭಾನುವಾರ ಸಂಜೆ ತಪ್ಪದೆ ಕುರ್ಚಿ ಮೇಜಿನ ಅಂಗಡಿಯೊಂದರ ಮುಂದೆ, ಮಾರಾಟಕ್ಕಿಟ್ಟ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಅದೇ ಅಂಗಡಿಯ ಮಹಡಿಯ ಹಾಲಿನಲ್ಲಿ ಅವರ ಹೆಂಡತಿ ಟ್ಯಾಂಗೋ ಎಂಬ ಪರದೇಶದ ಜೋಡಿ ಕುಣಿತ ಕುಣಿಯುತ್ತಿದ್ದರು.

"ನೀವು ಏಳೋವರೆಗೂ ಈ ಬೆಂಚನ್ನ ಯಾರೂ ಕೊಳ್ಳಲ್ಲ ಸ್ವಾಮಿ," ಎಂದು ಅಂಗಡಿಯವನು ಗೊಣಗುತ್ತಿದ್ದ.

"ಗಟ್ಟಿಯಾಗಿದೆ ಅಂತ ಜನಕ್ಕೆ ಗೊತ್ತಾಗ್ಲಿ ಅಂತ್ಲೇ ಕೂತಿದೀನಿ," ಎಂದು ಇವರು ಹಾಳೆ ಮಗುಚುತ್ತಿದ್ದರು.

ಹೆಂಡತಿ ಹೊಲಿಗೆ ಶಾಲೆಯಲ್ಲಿ ಪಾಠ ಹೇಳಿದವರು. ಇಡೀ ಬೀದಿಗೆ ಅವರು ಟೀಚರಮ್ಮ. ಅವರ ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ. ಟ್ಯಾಂಗೋದಲ್ಲಿ ಕೆನ್ನೆಗೆ ಕೆನ್ನೆ ತಗಲುವಷ್ಟು ಹತ್ತಿರ ನಿಲ್ಲಬೇಕಾದ್ದರಿಂದ ಅದರ ಕಡ್ಡಿ ಜೊತೆಗಾರನಿಗೆ ಚುಚ್ಚುತ್ತದೆ. ಆದ್ದರಿಂದ ಮೆಟ್ಟಿಲ ಬುಡದಲ್ಲೇ ಕನ್ನಡಕ ತೆಗೆದು, ಡಬ್ಬಿಗೆ ಹಾಕಿ, "ಜೋಪಾನ ರೀ," ಎಂದು ಗಂಡನ ಕೈಗೆ ಕೊಟ್ಟು, ಮೆಟ್ಟಿಲ ಕಂಬಿ ಹಿಡಿದು ಮೇಲೆ ಹೋಗುತ್ತಿದ್ದರು. ಡಬ್ಬಿ ಡ್ರೈವರ ಅಂಗಿಯ ಜೇಬು ಸೇರುತ್ತಿತ್ತು.

ಮೊದಲ ಸಲ ಹೊರಟಾಗ ಟೀಚರಮ್ಮ ಗಂಡನನ್ನೂ ಕರೆದಿದ್ದರು. "ಈ ವಯಸ್ಸಲ್ಲಿ ಕುಣಿಯೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದಿದ್ದರು ಡ್ರೈವರು. ಒಂದು ಮಾತನ್ನು ಎರಡು ಸಲ ಹೇಳುವ ಹೆಂಗಸಲ್ಲ ಅವರು. ಆದರೆ ಬೆಂಚಿನ ಮೇಲೆ ಕೂತ ಡ್ರೈವರ ಪಾದ ಮಹಡಿಯ ಸಂಗೀತಕ್ಕೆ ತಾನಾಗಿ ತಾಳ ಹಾಕತೊಡಗಿತು. ಆಡಿದ ಮಾತನ್ನು ನುಂಗಿಕೊಳ್ಳುವುದು ಅವರಿಗೆ ಕಷ್ಟ; ಕದ್ದು ಕಲಿಯುವುದು ಸುಲಭವೆನಿಸಿತು.

ಕುಣಿತದ ಕೂಟ ನಡೆಸುತ್ತಿದ್ದವಳು ಹಲ್ಲಿನ ಡಾಕ್ಟರು. ಪ್ರತಿ ಬುಧವಾರ ಮಧ್ಯಾಹ್ನ, ರೋಗಿಗಳು ಹೋದ ಮೇಲೆ, ಕಾಯುವ ಕೋಣೆಯ ಕುರ್ಚಿಗಳನ್ನು ಗೋಡೆಗೆ ಸರಿಸಿ ಅವಳು ಡ್ರೈವರಿಗೆ ಹೆಜ್ಜೆ ಹೇಳಿಕೊಟ್ಟಳು. ಮನೆಯಲ್ಲಿ ಇವರು ಹೇಳಿದ್ದು ಹಲ್ಲುನೋವು ಎಂದು.

"ಎಲ್ಲರೂ ಒಂದೇ ದಿಕ್ಕಿಗೆ ಸುತ್ತಬೇಕು. ಮುಂದಿನ ಜೋಡಿಯನ್ನ ಹಿಂದೆ ಹಾಕೋ ಹಾಗಿಲ್ಲ, ತಟ್ಟನೆ ನಿಲ್ಲೋ ಹಾಗಿಲ್ಲ, ರಿವರ್ಸ್ ಬರೋ ಹಾಗಿಲ್ಲ," ಎಂದಳು ಡಾಕ್ಟರು.

"ಇಷ್ಟಕ್ಕೆ ಫೀಸು ಬೇರೆ ಕೊಡ್ಬೇಕಾ? ಇದನ್ನ ನನಗೆ ಡಿಪೋದಲ್ಲಿ ಪುಕ್ಕಟೆ ಹೇಳಿಕೊಟ್ಟಿದ್ರು."

ತೊಡಕಾದದ್ದು ಹೆಂಗಸರನ್ನು ಕುಣಿಯಲು ಕರೆಯುವ ವಿಷಯದಲ್ಲಿ. ಅಲ್ಲಿ ಹತ್ತಿರ ಹೋಗಿ ಬಾಯಿಬಿಟ್ಟು ಕರೆಯುವಂತಿಲ್ಲ. ಗಂಡಸು ದೂರದಿಂದ ನೋಡಬೇಕು. ಹೆಂಗಸಿಗೆ ಮನಸ್ಸಿದ್ದರೆ ನೋಟ ನಿಲ್ಲಿಸುತ್ತಾಳೆ. ಅವನು ತಲೆಯಾಡಿಸುತ್ತಾನೆ, ಅವಳೂ ಆಡಿಸುತ್ತಾಳೆ. ಆಗ ಅವನು ಅಂಚಿನಲ್ಲೇ ನಡೆದು ಅವಳ ಬಳಿಗೆ ಹೋಗಬೇಕು. ಮನಸ್ಸಿಲ್ಲದಿದ್ದರೆ ಅವಳು ಬೇರೆ ಕಡೆ ನೋಡಿದರೆ ಸಾಕು. ಯಾರಿಗೂ ಮುಖಭಂಗವಿಲ್ಲ.

"ಅವಳು ನನ್ನ ಹೆಂಡತಿ ಕಣಮ್ಮಾ. ಅವಳನ್ನ ಕೇಳೋದೇನು?"

"ಮನೇಲಿ ಹೆಂಡತಿ. ಮಹಡಿ ಮೇಲೆ ಅವರಿಷ್ಟ. ಮುಖ ತಿರುಗಿಸಿದ್ರೆ ತೆಪ್ಪಗೆ ಕೂತ್ಕೋಬೇಕು ನೀವು."

ಡ್ರೈವರು ಆ ದಿನ ಮನೆಗೆ ನಡೆದುಕೊಂಡೇ ಹೋದರು. ಮದುವೆಯಾದಾಗಿನಿಂದ ಲೋಟ ಎತ್ತಿದರೆ ಕಾಫಿ ಬಂದಿತ್ತು, ಗೂಟದ ಕಡೆ ನೋಡಿದರೆ ಛತ್ರಿ ಬಂದಿತ್ತು. ಇಷ್ಟು ವರ್ಷಗಳಲ್ಲಿ ಹೆಂಡತಿ "ಒಲ್ಲೆ" ಎನ್ನಬಹುದಾದ ಹಾಗೆ ತಾವು ಅವರನ್ನು ಏನಾದರೂ ಕೇಳಿದ್ದುಂಟೇ ಎಂದು ಯೋಚಿಸಿದರು. ನೆನಪಾಗಲಿಲ್ಲ. ಇದೊಂದನ್ನಾದರೂ ಹಾಗೆ ಕೇಳಬೇಕು ಎಂದುಕೊಂಡರು. ಒಲ್ಲೆ ಎಂದುಬಿಟ್ಟರೆ ಎಂಬ ಹೆದರಿಕೆಯೂ ಅಂದೇ ಶುರುವಾಯಿತು.

ಒಂದು ಭಾನುವಾರ ಟೀಚರಮ್ಮ ಮೇಲೆ ಹೋದ ಸ್ವಲ್ಪ ಹೊತ್ತಿಗೆ ಇವರೂ ಪೇಪರು ಮಡಚಿ ಮೆಟ್ಟಿಲು ಹತ್ತಿದರು. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಹಳೆಯ ಡ್ಯೂಟಿ ಬೂಟು. ಹಾಲಿನ ಒಂದು ಗೋಡೆಗೆ ಹೆಂಗಸರು, ಎದುರು ಗೋಡೆಗೆ ಗಂಡಸರು. ಡ್ರೈವರು ಪೋಸ್ಟ್‌ಮ್ಯಾನ್ ಒಬ್ಬನ ಪಕ್ಕದಲ್ಲಿ ಕೂತರು.

ಹಾಡುಗಳು ನಾಲ್ಕಾರು ಒಟ್ಟಿಗೆ ಬರುತ್ತವೆ. ಒಂದು ಕಂತು ಮುಗಿದ ಮೇಲೆ ಬೇರೆ ಏನೋ ಸಂಗೀತ ಕೊಂಚ ಕೇಳಿಸುತ್ತದೆ. ಎಲ್ಲರೂ ತಂತಮ್ಮ ಜಾಗಕ್ಕೆ ಮರಳಿ ಹೊಸ ಜೊತೆ ಹುಡುಕಬೇಕು. ಆ ಬಿಡುವಿನಲ್ಲಿ ಡ್ರೈವರು ಎದುರು ಗೋಡೆಯತ್ತ ನೋಡಿದರು. ಟೀಚರಮ್ಮ ನೆಟ್ಟಗೆ ಇವರ ಕಡೆಗೇ ಮುಖ ಮಾಡಿ ಕೂತಿದ್ದರು. ಇವರು ತಲೆಯಾಡಿಸಿದರು. ಟೀಚರಮ್ಮ ನಿಧಾನವಾಗಿ ಮುಖ ಆಚೆ ತಿರುಗಿಸಿದರು.

ಎರಡನೆಯ ಬಿಡುವಿನಲ್ಲೂ ಅದೇ ಆಯಿತು. ಡ್ರೈವರ ಕಿವಿ ಬಿಸಿಯಾಯಿತು. ಅಂದು ಆಡಿದ ಮಾತಿಗೆ ಇಂದು ಬಡ್ಡಿ ಸಮೇತ ಉತ್ತರ ಎಂದುಕೊಂಡರು. ಸುಮ್ಮನೆ ಕೂತುಕೊಳ್ಳುವುದೇ ನಿಯಮ. ಕೂತರು.

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಎದ್ದು, ಟೀಚರಮ್ಮನ ಕುರ್ಚಿಗೆ ಎರಡು ಮಾರು ಹತ್ತಿರ ಹೋಗಿ ನಿಂತು ತಲೆಯಾಡಿಸಿದ. ಅವರೂ ಆಡಿಸಿದರು. ಕುಣಿದು ಬಂದವನನ್ನು ಡ್ರೈವರು ತಡೆಯಲಾರದೆ ಕೇಳಿದರು: "ಅಷ್ಟು ಹತ್ತಿರ ಹೋಗಬಹುದೇನ್ರೀ?"

"ಬೇರೆಯವರಾದ್ರೆ ಇಲ್ಲ. ಟೀಚರಮ್ಮನಿಗೆ ದೂರದ್ದು ಏನೂ ಕಾಣಲ್ಲವಲ್ಲ. ಇಲ್ಲಿ ಎಲ್ರಿಗೂ ಗೊತ್ತು. ನೀವು ಹೊಸಬರು ಅಂತ ಕಾಣುತ್ತೆ."

ಡ್ರೈವರ ಕೈ ಎದೆಯ ಜೇಬಿಗೆ ಹೋಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವರು ಹೆಂಡತಿಯ ಕಣ್ಣನ್ನೇ ಜೇಬಿನಲ್ಲಿಟ್ಟುಕೊಂಡು, ನೋಡಲಿಲ್ಲವೆಂದು ಕೊರಗುತ್ತ ಕೂತಿದ್ದರು.

"ಕೊನೆಯ ಕಂತು," ಎಂದು ಡಾಕ್ಟರು ಕೂಗಿ ಹೇಳಿದಳು. ಕೊನೆಯದನ್ನು ಅಲ್ಲಿನವರು ತಮಗೆ ಬೇಕಾದವರಿಗೆಂದು ಉಳಿಸಿಕೊಳ್ಳುತ್ತಾರೆ.

ಪೋಸ್ಟ್‌ಮ್ಯಾನ್ ಮಾಡಿದಂತೆ ತಾವೂ ಹತ್ತಿರ ಹೋಗಿ ನಿಲ್ಲಬಹುದಿತ್ತು. ಆದರೆ ಮೂಗಿನ ಮುಂದೆ ಹೋಗಿ ನಿಂತ ಗಂಡನಿಗೆ ಯಾವ ಹೆಂಡತಿ ಒಲ್ಲೆ ಎಂದಾಳು? ಡ್ರೈವರು ಡಬ್ಬಿಯನ್ನು ಡಾಕ್ಟರ ಕೈಗಿತ್ತರು. "ಅವಳಿಗೆ ಕೊಡಮ್ಮ. ಏನೂ ಹೇಳಬೇಡ." ಮತ್ತೆ ತಮ್ಮ ಗೋಡೆಗೆ ಬಂದು ಕೂತರು.

ಟೀಚರಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದರು. ಕನ್ನಡಕ ಹಾಕಿಕೊಂಡರು. ಎದುರು ಗೋಡೆಯನ್ನು ಒಂದು ತುದಿಯಿಂದ, ಹೊಲಿಗೆಯಲ್ಲಿ ತಪ್ಪು ಹುಡುಕುವವರಂತೆ ನೋಡುತ್ತ ಬಂದ ಅವರ ಕಣ್ಣು ಹಳೆಯ ಬೂಟಿನ ಬಳಿ ನಿಂತಿತು. ಬೂಟಿನಿಂದ ಮುಖಕ್ಕೆ ಏರಿತು. ಡ್ರೈವರು ತಲೆಯಾಡಿಸಿದರು. ಮೊದಲ ಹಾಡು ಶುರುವಾಯಿತು. ಟೀಚರಮ್ಮನ ಮುಖ ಅಲುಗಲಿಲ್ಲ, ಆಚೆಗೂ ತಿರುಗಲಿಲ್ಲ. ಜೋಡಿಗಳು ನಡುವೆ ಹಾಯತೊಡಗಿದವು. ಡ್ರೈವರು ಕತ್ತು ಉದ್ದ ಮಾಡಿ ಕಾದರು, ಬಾರದ ಬಸ್ಸಿಗೆ ಸ್ಟಾಪಿನಲ್ಲಿ ಕಾಯುವವರಂತೆ.

ಟೀಚರಮ್ಮ ಒಂದೇ ಒಂದು ಸಲ ತಲೆಯಾಡಿಸಿದರು.

ಡ್ರೈವರು ಅಂಚಿನಲ್ಲೇ ನಡೆದು ಹೋದರು. ಟೀಚರಮ್ಮ ಎದ್ದು ನಿಂತರು.

"ಬುಧವಾರ ಬುಧವಾರ ಹಲ್ಲುನೋವು ಅಂತಿದ್ರಿ. ಬಾಯಲ್ಲಿರೋದು ಪೂರ್ತಿ ಕಟ್ಟಿಸಿದ ಸೆಟ್ಟು. ಅದಕ್ಕೆಲ್ಲಿಂದ ಬರುತ್ತೆ ನೋವು?"

"ಗೊತ್ತಿತ್ತಾ? ಮತ್ತೆ ಕೇಳಲೇ ಇಲ್ಲ?"

"ಕೇಳೋ ಸರದಿ ನಿಮ್ಮದಿತ್ತು."

ಡ್ರೈವರು ಕೈ ಚಾಚಿದರು. "ಕನ್ನಡಕ ತೆಗಿಯೇ, ಚುಚ್ಚುತ್ತೆ," ಎಂದರು.

"ಚುಚ್ಚಲಿ. ಇವತ್ತು ಯಾರ ಜೊತೆ ಕುಣೀತಿದೀನಿ ಅಂತ ನಾನು ನೋಡ್ಬೇಕು."

ಕಡ್ಡಿ ಚುಚ್ಚಿತು. ಡ್ರೈವರು ಹೆಂಡತಿಯ ಕಾಲನ್ನು ತುಳಿದೂ ತುಳಿದರು. "ಬ್ರೇಕ್ ಹಿಡೀರಿ," ಎಂದು ಟೀಚರಮ್ಮ ಕಿವಿಯಲ್ಲಿ ಹೇಳಿದರು. ಆದರೆ ಮುಂದಿನ ಜೋಡಿಯನ್ನು ಡ್ರೈವರು ಒಮ್ಮೆಯೂ ಹಿಂದೆ ಹಾಕಲಿಲ್ಲ.

ಮುಂದಿನ ವಾರ ಬೆಂಚು ಮಾರಾಟವಾಯಿತು.