ಕೈ ಎತ್ತಿದ್ದನ್ನು ಬಂದು ಹೇಳುವ ಶಾಸಕರು

ನಮ್ಮ ಶಾಸಕ ಶ್ರೀಶೈಲಪ್ಪನವರು ಬೆಂಗಳೂರಿನ ಅಧಿವೇಶನ ಮುಗಿಸಿ ಬಂದರೆ ಮನೆಗೆ ಹೋಗುವ ಮೊದಲು ಆಲಮೇಲದ ಸಂತೆಗೆ ಬರುತ್ತಿದ್ದರು. ಬೆಲ್ಲದ ಅಂಗಡಿಯ ಕಟ್ಟೆ ಹತ್ತಿ, ಮೈಕಿಲ್ಲದೆಯೂ ದೂರದ ತಾಲೂಕು ಕೇಂದ್ರ ಸಿಂದಗಿಗೂ ಕೇಳುವಂಥ ದನಿಯಲ್ಲಿ, ತಾವು ಯಾವ ಯಾವ ಮಸೂದೆಗೆ ಕೈ ಎತ್ತಿದೆವೆಂದು ಒಪ್ಪಿಸುತ್ತಿದ್ದರು. “ಕಬ್ಬಿನ ಮ್ಯಾಲಿನ ತೆರಿಗಿ ಏರಸಾಕ ಕೈ ಎತ್ತೇನಿ. ಬೈಯಾವ್ರು ಈಗ ಬೈರಿ, ಚಾ ಕುಡದು ಹೋಗ್ತೇನಿ” ಎನ್ನುವರು. ಜನ ಮನಸಾರೆ ಬೈಯುತ್ತಿದ್ದರು. ಅವರು ತಲೆಯಾಡಿಸುತ್ತ ಕೇಳಿ, ಬೈದವರಿಗೂ ಚಹಾ ಕೊಡಿಸುವರು. ಎಪ್ಪತ್ತರ ದಶಕದಲ್ಲಿ, ಉಳುವವನಿಗೇ ಭೂಮಿ ಕೊಡುವ ಮಸೂದೆಗೂ ಕೈ ಎತ್ತಿದೆನೆಂದಾಗ ಮಾತ್ರ ಯಾರೂ ನಂಬಲಿಲ್ಲ, ಏಕೆಂದರೆ ಅವರೇ ದೊಡ್ಡ ಜಮೀನುದಾರರು. ಅವರ ಆರು ಎಕರೆ ಉಳುತ್ತಿದ್ದ ನಮ್ಮಪ್ಪ ಗೈಬುಸಾಬ ಕಾಯ್ದೆ ಬಂದ ಮೇಲೆ ಆ ಹೊಲ ತನಗಾಗಲೆಂದು ಹೆದರುತ್ತಲೇ ಅರ್ಜಿ ಹಾಕಿದ. ಅವನ ಕೈಯಲ್ಲಿ ಗೇಣಿಯ ಒಂದು ಚೀಟಿಯೂ ಇರಲಿಲ್ಲ. ಸಿಂದಗಿಯಲ್ಲಿ ಭೂ ನ್ಯಾಯಮಂಡಳಿಯ ವಿಚಾರಣೆಯಲ್ಲಿ ಅಧಿಕಾರಿ “ಪುರಾವೆ ಏನೈತಿ?” ಎಂದು ಅಪ್ಪನನ್ನು ಕೇಳಿದರು. ಹಿಂದಿನ ಬೆಂಚಿನಿಂದ ಶ್ರೀಶೈಲಪ್ಪನವರು ಎದ್ದು, “ಹದಿನಾರು ವರ್ಷದಿಂದ ಇಂವನ ಉಳಾಕತ್ತಾನ್ರಿ. ಹೊಲದ ಮಾಲಕ ನಾನು, ನಾನ ಸಾಕ್ಷಿ” ಎಂದರು. ಅಪ್ಪ ಅಳುತ್ತ ಕಾಲಿಗೆ ಬೀಳಹೋದರೆ, “ಏಳೋ, ಹೊಲ ಹಸನ ಮಾಡ ನಡಿ” ಎಂದು ಗದರಿದರು. ಆ ಹೊಲದ ಜೋಳವನ್ನೇ ನಾವು ಇಂದಿಗೂ ಉಣ್ಣುತ್ತೇವೆ.